ದೂರದರ್ಶನದ ಗೂಢಮುದ್ರಿಕೆಗಳೂ ಗಣಕಯಂತ್ರವೂ

ನಮ್ಮ ಚಪಳಗಾಂವ ಹಾಗೂ ಸುತ್ತಲಿನ ಅಕ್ಕಲಕೋಟೆ ತಾಲೂಕಿನ ಮಕ್ಕಳು ಶಾಲೆಯಲ್ಲಿ ಓದುವುದು ಮಹಾರಾಷ್ಟ್ರದ ಬಾಲಭಾರತಿಯವರು ಪ್ರಕಟಿಸುವ ಕನ್ನಡ ಪುಸ್ತಕಗಳನ್ನು. ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ಅವರ ಕಿವಿಗೆ ಬೀಳುವುದು ಬಹುತರವಾಗಿ ಮರಾಠಿ. ಶುದ್ಧ ಉಚ್ಚಾರದ ಕನ್ನಡವನ್ನು ಕೇಳುವ ಅವಕಾಶ ಅವರಿಗೆ ಕಡಿಮೆ. ಆದುದರಿಂದ ಚಂದನ ವಾಹಿನಿಯಲ್ಲಿ ಬರುವ ವಚನ ವ್ಯಾಖ್ಯಾನ, ನಾಟಕ, ರಸಪ್ರಶ್ನೆ ಮೊದಲಾದವನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಮಕ್ಕಳಿಗೆ ತೋರಿಸಬೇಕೆಂಬ ಹಂಬಲ ಅನೇಕ ಶಿಕ್ಷಕಬಂಧುಗಳಲ್ಲಿ ಉಂಟಾಗಿದೆ. ಇಂದಿನ ಟಿ.ವಿ.ಗಳಲ್ಲಿ ಕೆಲವಕ್ಕೆ ಪೆನ್‌ಡ್ರೈವ್ ಇಲ್ಲವೆ ಹಾರ್ಡ್‌ಡಿಸ್ಕ್ ಜೋಡಿಸಿ ಗುಂಡಿಯೊತ್ತಿದರೆ ಕಾರ್ಯಕ್ರಮವು ತಾನಾಗಿ ಮುದ್ರಿತವಾಗುತ್ತದೆ. ಕಷ್ಟವು ಆರಂಭವಾಗುವುದು ಆ ಡಿಸ್ಕನ್ನು ಬಿಚ್ಚಿ ಗಣಕಯಂತ್ರಕ್ಕೆ ಹಚ್ಚಿದಾಗ.

ಗಡಿಭಾಗದ ಒಂದು ಶಾಲೆಯಲ್ಲಿ ಹೀಗೆಯೇ ಎರಡು ವರ್ಷಗಳ ಸಂಗ್ರಹವಿದ್ದಿತು. ಸೊನ್ನಲಿಗೆಯ ಸಿದ್ಧರಾಮನ ವಚನಗಳನ್ನು ಕುರಿತ ಉಪನ್ಯಾಸ, ಈ ಕಡೆಯ ಭಜನಾ ಮೇಳವೊಂದರ ಹಾಡುಗಳು ಅದರಲ್ಲಿ ಸೇರಿದ್ದವು. ಸಿಡಿಲಿನ ಹೊಡೆತಕ್ಕೆ ಟಿ.ವಿ.ಯ ಒಳಗಿನ ಮುಖ್ಯ ಫಲಕ ಸುಟ್ಟಿತು. ಹೊಸ ಫಲಕ ಹಾಕಿಸಿದರು. ಡಿಸ್ಕಿಗೆ ಯಾವ ಹಾನಿಯೂ ಆಗಿರಲಿಲ್ಲ. ಆದರೆ ಅದರಲ್ಲಿಯ ಒಂದು ಮುದ್ರಿಕೆಯೂ ತೆರೆಯಲಿಲ್ಲ. ಹಾಡಿದವರಲ್ಲಿ ಇಬ್ಬರು ಆ ಮೊದಲೇ ತೀರಿಕೊಂಡಿದ್ದರು. ಇದೇಕೆ ಹೀಗಾಯಿತೆಂಬುದನ್ನು ಅರಿತರೆ ಮುಂದಿನ ಸಂಗ್ರಹವನ್ನಾದರೂ ಉಳಿಸಿಕೊಳ್ಳಬಹುದು.

ಮೊದಲನೆಯ ಅಡ್ಡಿ ಡಿಸ್ಕಿನದೇ. ಅನೇಕ ಟಿ.ವಿ.ಗಳು ಡಿಸ್ಕನ್ನು ಎಕ್ಸ್.ಎಫ್.ಎಸ್. ಮೊದಲಾದ ಲೈನಕ್ಸ್ ಪದ್ಧತಿಯಲ್ಲಿ ಅಣಿಗೊಳಿಸಿಕೊಳ್ಳುತ್ತವೆ. ವಿಂಡೋಸ್ ಗಣಕಕ್ಕೆ ಆ ಪದ್ಧತಿ ತಿಳಿಯದು. ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳುತ್ತದೆ. ಆಗ ‘ಬೇಡ’ ಎಂದೇ ಒತ್ತತಕ್ಕದ್ದು. ‘ಹೌದು’ ಎಂದರೆ ಇದ್ದದ್ದೂ ಕೈಬಿಟ್ಟುಹೋಗುವುದು. ಲೈನಕ್ಸ್ ಗಣಕಕ್ಕೆ ಜೋಡಿಸಿದರೆ ಫೈಲುಗಳು ಕಣ್ಣಿಗಂತೂ ಕಾಣುತ್ತವೆ: ಸ್ಯಾಮ್‌ಸಂಗ್ ಟಿ.ವಿ.ಯದಾದರೆ ಎಸ್.ಆರ್.ಎಫ್. ಎಂಬ ಬಾಲದವು, ಎಲ್.ಜಿ.ಯದಾದರೆ ಎಸ್.ಟಿ.ಆರ್. ಬಾಲದವು.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ‘ಕನ್ವರ್ಟರ್’ ಎಂಬ ತಂತ್ರಾಂಶವನ್ನು ಹುಡುಕಿಕೊಂಡು ಹೊರಡುತ್ತಾರೆ. ರೂಪಾಂತರ ಬೇರೆ, ಗೂಢಲಿಪಿ ಬಿಡಿಸುವುದು ಬೇರೆ. ಇವೆರಡನ್ನೂ ಒಂದೇ ಎಂದೆಣಿಸುವುದರಿಂದಲೇ ಬಹಳ ಕಾಲ, ಕೆಲವೊಮ್ಮೆ ಹಣವೂ, ವ್ಯರ್ಥವಾಗುತ್ತವೆ.

ರೂಪಾಂತರವನ್ನು ನಮ್ಮ ಕಡೆಯ ಜೋಳದ ದೃಷ್ಟಾಂತದಿಂದ ತಿಳಿಯಬಹುದು. ಹಗೇವಿನೊಳಗಿನ ಜೋಳವನ್ನು ತೆಗೆದು ಚೀಲಕ್ಕೆ ತುಂಬಿದರೆ ಜೋಳ ಬದಲಾಗದು, ಪಾತ್ರೆ ಮಾತ್ರ ಬದಲಾಗುವುದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶಕ್ಕೆ ‘ಕಾಪಿ’ ಎಂದು ಆಜ್ಞೆಯಿತ್ತಾಗ ನಡೆಯುವುದು ಇದೇ. ಒಂದು ತಾಸಿನ ಕಾರ್ಯಕ್ರಮಕ್ಕೂ ಕೆಲವೇ ನಿಮಿಷ ಸಾಕು, ಚಿತ್ರ ಕೆಡುವುದಿಲ್ಲ. ಜೋಳವನ್ನು ಬೀಸಿ ಹಿಟ್ಟುಮಾಡುವುದು ಇನ್ನೊಂದು ಬಗೆ. ಚಿತ್ರವನ್ನು ಹೊಸದಾಗಿ ಕಟ್ಟುವ ಆ ಕ್ರಮದಲ್ಲಿ ಜಾಗ ಉಳಿದೀತು, ಆದರೆ ಗುಣ ಕುಂದುತ್ತದೆ. ಹಿಟ್ಟು ಮರಳಿ ಕಾಳಾಗದು. ಆದರೆ ಈ ಎರಡಕ್ಕೂ ಹಗೇವಿನ ಬಾಯಿ ತೆರೆದಿರಬೇಕು.

ಗೂಢಲಿಪಿಯೆಂದರೆ ಆ ಬಾಯಿಗೆ ಹಾಕಿದ ಕೀಲಿ. ಸಾಹಿತ್ಯಾಭ್ಯಾಸಿಗಳಿಗೆ ಕುಮುದೇಂದು ಮುನಿಯ ಸಿರಿಭೂವಲಯ ನೆನಪಾಗಬಹುದು. ೨೭ಕ್ಕೆ ೨೭ರಂತೆ ೭೨೯ ಮನೆಗಳ ಚೌಕದಲ್ಲಿ ೧ರಿಂದ ೬೪ರ ವರೆಗಿನ ಅಂಕಿಗಳನ್ನಷ್ಟೇ ತುಂಬಿದ ಗ್ರಂಥವದು. ಯಾವ ಅಂಕಿಗೆ ಯಾವ ಅಕ್ಷರ, ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕು ಎಂಬ ಬಂಧದ ಕ್ರಮ ತಿಳಿಯದವನಿಗೆ ಅದು ಬರೀ ಅಂಕಿಯ ರಾಶಿ. ಟಿ.ವಿ.ಯ ಮುದ್ರಿಕೆಯೂ ಇಂಥದೇ. ವ್ಯತ್ಯಾಸವಿಷ್ಟೆ: ಇಲ್ಲಿ ಕ್ರಮವು ಗುಟ್ಟಲ್ಲ, ಕೀಲಿಕೈ ಮಾತ್ರ ಗುಟ್ಟು. ಬೆಲ್ಜಿಯಂ ದೇಶದ ಯೋನ್ ಡಾಮನ್, ವಿನ್ಸೆಂಟ್ ರೈಮನ್ ಎಂಬಿಬ್ಬರು ರಚಿಸಿದ, ೨೦೦೧ರಲ್ಲಿ ಅಮೇರಿಕೆಯ ಸರಕಾರ ಪ್ರಮಾಣವಾಗಿ ಸ್ವೀಕರಿಸಿದ ಎ.ಇ.ಎಸ್. ಎಂಬ ಪದ್ಧತಿಯನ್ನು ಯಾರು ಬೇಕಾದರೂ ಓದಿ ತಿಳಿಯಬಹುದು. ಆದರೆ ೧೨೮ ಬಿಟ್ಟುಗಳ ಕೀಲಿಕೈಗಳು ಸುಮಾರು ೩೪೦ರ ಮುಂದೆ ೩೬ ಸೊನ್ನೆಗಳನ್ನಿಟ್ಟಷ್ಟು ಸಾಧ್ಯ. ಊಹಿಸಿ ತೆರೆಯುವ ಮಾತೇ ಇಲ್ಲ. ಈ ಕೀಲಿಕೈ ಇರುವುದು ಡಿಸ್ಕಿನಲ್ಲಲ್ಲ, ಟಿ.ವಿ.ಯ ಫಲಕದಲ್ಲಿ, ಪ್ರತಿಯೊಂದು ಟಿ.ವಿ.ಗೂ ಬೇರೆ ಬೇರೆ. ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಟಿ.ವಿ.ಯೂ ತೆರೆಯಲಾರದೆಂಬುದಕ್ಕೆ ಕಾರಣವಿದು. ಫಲಕ ಸುಟ್ಟರೆ ಕೀಲಿಕೈಯೂ ಸುಟ್ಟಿತು.

ಫೈಲಿಗೆ ಕೀಲಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಬಗೆಯೂ ಉಂಟು. ಡಿಜಿಟಲ್ ಪ್ರಸಾರವು ೧೮೮ ಬೈಟುಗಳ ಪೊಟ್ಟಣಗಳಾಗಿ ಬರುತ್ತದೆ; ಪ್ರತಿ ಪೊಟ್ಟಣದ ಮೊದಲ ಬೈಟು ೭೧, ಅಂದರೆ ರೋಮನ್ ಲಿಪಿಯ ‘ಜಿ’. ಮೊದಲ ೪ ಬೈಟುಗಳು ತಲೆಬರಹ. ಕೆಲವು ಟಿ.ವಿ.ಗಳು ತಲೆಬರಹವನ್ನು ಹಾಗೆಯೇ ಬಿಟ್ಟು ಒಳಗಿನದನ್ನು ಮಾತ್ರ ಗೂಢಗೊಳಿಸುತ್ತವೆಯಾದ್ದರಿಂದ ‘ಜಿ’ ಕಂಡಿತೆಂದು ಹಿಗ್ಗಬಾರದು. ‘ಒಳಗೆ ಗೂಢವಿದೆ’ ಎಂದು ಸೂಚಿಸುವ ೨ ಬಿಟ್ಟುಗಳು ಆ ತಲೆಬರಹದಲ್ಲಿಯೇ ಇರುತ್ತವೆ. ಇಷ್ಟು ಬೇಡವೆನ್ನುವವರು ವಿ.ಎಲ್.ಸಿ. ಎಂಬ ತಂತ್ರಾಂಶದಲ್ಲಿ ತೆರೆದು ನೋಡಲಿ. ಚಿತ್ರವೂ ಧ್ವನಿಯೂ ಬಂದರೆ ಕೀಲಿಯಿಲ್ಲ.

ಕಾನೂನಿನ ಮಾತು ನಮ್ಮ ವೃತ್ತಿಯವರಿಗೆ ಅವಶ್ಯವಾಗಿ ತಿಳಿದಿರಬೇಕು. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ೩೯ನೆಯ ಕಲಮಿನಂತೆ, ಸ್ವಂತ ಉಪಯೋಗಕ್ಕಾಗಲಿ ಪ್ರಾಮಾಣಿಕವಾದ ಬೋಧನೆ ಅಥವಾ ಸಂಶೋಧನೆಗಾಗಲಿ ಮುದ್ರಿಸಿಕೊಂಡರೆ ಪ್ರಸಾರಕರ ಹಾಗೂ ಕಲಾವಿದರ ಹಕ್ಕಿಗೆ ಭಂಗವಿಲ್ಲ. ನಾಟಕಕಾರನ, ಕವಿಯ ಹಕ್ಕು ಬೇರೆಯದು, ಅದಕ್ಕೆ ಬೇರೆ ಕಲಮುಗಳಿವೆ. ೨೦೧೨ರ ತಿದ್ದುಪಡಿಯಿಂದ ಸೇರಿದ ೬೫-ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಕೀಲಿ ಮುರಿದವನಿಗೆ ಎರಡು ವರ್ಷಗಳ ವರೆಗೆ ಕಾರಾಗೃಹವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಅಮೇರಿಕೆಯಲ್ಲಿ, ಮನೆಯಲ್ಲಿ ಮುದ್ರಿಸಿಕೊಂಡು ಆಮೇಲೆ ನೋಡುವುದು ತಪ್ಪಲ್ಲವೆಂದು ೧೯೮೪ರಲ್ಲಿಯೇ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಸೋನಿ ಕಂಪನಿಯ ಮೊಕದ್ದಮೆಯಲ್ಲಿ ಹೇಳಿತು. ಕಾನೂನು ಇಷ್ಟು ಉದಾರವಾಗಿರುವಾಗ ಯಂತ್ರವೇಕೆ ಇಷ್ಟು ಬಿಗಿ? ಯಂತ್ರಕ್ಕೆ ಶಿಕ್ಷಕನಾರು, ವ್ಯಾಪಾರಿಯಾರು ಎಂಬುದು ತಿಳಿಯದು. ಉಚಿತವಾಗಿ ಬರುವ ಚಂದನಕ್ಕೂ ಹಣ ಕೊಟ್ಟು ನೋಡುವ ಸಿನೆಮಾಕ್ಕೂ ಒಂದೇ ಕೀಲಿ ಜಡಿಯುವುದು ನಮಗಂತೂ ಸರಿಕಾಣದು.

ಹಾಗಾದರೆ ಮಾಡತಕ್ಕದ್ದೇನು? ಟಿ.ವಿ. ಸುಸ್ಥಿತಿಯಲ್ಲಿರುವಾಗಲೇ ಹಳೆಯ ಮುದ್ರಿಕೆಗಳನ್ನು ಅದರಲ್ಲಿಯೇ ನುಡಿಸಿ, ಕಿವಿಯಂತ್ರದ ತೂತಿನಿಂದ ಗಣಕಕ್ಕೆ ತಂತಿ ಹಚ್ಚಿ ಧ್ವನಿಯನ್ನಾದರೂ ಇಳಿಸಿಕೊಳ್ಳಬೇಕು. ವಚನಗಾಯನಕ್ಕೂ ಉಪನ್ಯಾಸಕ್ಕೂ ಧ್ವನಿಯೇ ಮುಖ್ಯ. ಎಚ್.ಡಿ.ಎಂ.ಐ. ತೂತು ಉಪಯೋಗವಾಗದು, ಟಿ.ವಿ.ಯಲ್ಲಿ ಅದು ಒಳಬರುವ ದಾರಿ, ಹೊರಹೋಗುವುದಲ್ಲ. ಚಂದನದ ಎಷ್ಟೋ ಕಾರ್ಯಕ್ರಮಗಳು ಯೂಟ್ಯೂಬಿನಲ್ಲಿಯೂ ದೊರೆಯುವುದರಿಂದ ಮೊದಲು ಅಲ್ಲಿ ಹುಡುಕುವುದು ಒಳ್ಳೆಯದು.

ಇನ್ನು ಮುಂದಿನ ಮುದ್ರಣಕ್ಕೆ ಟಿ.ವಿ.ಯನ್ನು ನಂಬದಿರುವುದೇ ಲೇಸು. ದೂರದರ್ಶನದ ಫ್ರೀ ಡಿಶ್ ೨೦೦೪ರ ಡಿಸೆಂಬರದಲ್ಲಿ ಬೇರೆ ಹೆಸರಿನಿಂದ ಆರಂಭವಾದ, ತಿಂಗಳ ಶುಲ್ಕವಿಲ್ಲದ ಸೇವೆ. ಚಂದನ ಅದರಲ್ಲಿ ಬರುತ್ತದೆ. ಅದಕ್ಕಾಗಿ ಮಾರುವ ಸಾದಾ ಸೆಟ್‌ಟಾಪ್ ಪೆಟ್ಟಿಗೆಗಳಲ್ಲಿ ಹಲವು ಕೀಲಿಯಿಲ್ಲದ ಟಿ.ಎಸ್. ಫೈಲನ್ನೇ ಪೆನ್‌ಡ್ರೈವಿಗೆ ಬರೆಯುತ್ತವೆ. ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಐದು ನಿಮಿಷ ಮುದ್ರಿಸಿ, ಸಂಗಡ ಒಯ್ದ ಗಣಕದಲ್ಲಿ ತೆರೆದು ನೋಡಬೇಕು. ಬಳಿಕ ಪ್ರತಿಯೊಂದು ಮುದ್ರಿಕೆಗೂ ಕಾರ್ಯಕ್ರಮದ ಹೆಸರು, ತಾರೀಖು, ಹಾಡಿದವರ ಅಥವಾ ಮಾತಾಡಿದವರ ಹೆಸರು ಬರೆದ ಒಂದು ವಹಿಯನ್ನು ಶಾಲೆಯ ಗ್ರಂಥಾಲಯದಲ್ಲಿಟ್ಟು, ಎರಡನೆಯ ಪ್ರತಿಯನ್ನು ಬೇರೊಂದು ಶಾಲೆಯಲ್ಲಿರಿಸತಕ್ಕದ್ದು.