ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರ್, ಗಿಟಾರಿನ ಪೆಡಲ್ಲು

ಟ್ರಾನ್ಸ್‌ಫಾರ್ಮರ್ ಅಂದ ಕೂಡಲೇ ನಿಮಗೆ ಊರಾಚೆ ಕಂಬದ ಮೇಲಿರುವ ದೊಡ್ಡ ಡಬ್ಬ ನೆನಪಾಗುತ್ತದೆ. ನಾನು ಹೇಳೋದು ಅದರ ಮರಿಯ ಬಗ್ಗೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿದರೆ ಒಳಗೆ ಸಿಗುತ್ತದೆ. ಅದರಲ್ಲಿ ಹರಿಯುವುದು ಮನೆಯ ಕರೆಂಟಲ್ಲ, ಹಾಡು.

ನಮ್ಮ ಚಿಕ್ಕಪ್ಪ ರೇಡಿಯೋ, ಟಿವಿ ರಿಪೇರಿ ಮಾಡುತ್ತಾರೆ. ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಅಣ್ಣ ಒಬ್ಬರು ಒಂದು ಪೆಡಲ್ ತಂದು ಕೊಟ್ಟರು. ಸೈಕಲ್ ಪೆಡಲ್ ಅಲ್ಲ! ಕಾಲಿನಿಂದ ಒತ್ತುವ ಡಬ್ಬಿ. ಗಿಟಾರಿನ ಧ್ವನಿ ಅದರೊಳಗೆ ಹೋಗಿ ಬೇರೆ ಥರ ಆಗಿ ಬರುತ್ತದೆ. ಅದರ ಟ್ರಾನ್ಸ್‌ಫಾರ್ಮರಿನ ತಂತಿ ಒಳಗೇ ಕಟ್ಟಾಗಿತ್ತು. ಅದೇ ನಂಬರಿನದು ತಾಲ್ಲೂಕಿನಲ್ಲಿ ಎಲ್ಲೂ ಇಲ್ಲ, ತರಿಸೋಣ ಅಂದರೆ ಜಾತ್ರೆಗೆ ಉಳಿದಿದ್ದು ನಾಲ್ಕೇ ದಿನ. ಬದಲಿ ಹುಡುಕಬೇಕಾಯಿತು.

ಈ ಜಾತಿಯ ಪೆಡಲ್ಲಿಗೆ ಆಕ್ಟೇವಿಯಾ ಎಂದು ಹೆಸರು. ಇಂಗ್ಲೆಂಡಿನ ರೋಜರ್ ಮೇಯರ್ ಎಂಬ ಎಂಜಿನಿಯರ್ ಮಾಡಿದ್ದು. 1967ರಲ್ಲಿ ಅಮೆರಿಕದ ಜಿಮಿ ಹೆಂಡ್ರಿಕ್ಸ್ 'ಪರ್ಪಲ್ ಹೇಜ್' ಹಾಡಿನಲ್ಲಿ ಅದನ್ನು ಬಳಸಿದರು. ಅದರ ಕೆಲಸ ಏನೆಂದರೆ, ನೀವು ಮಧ್ಯ ಸ್ಥಾಯಿಯ ಸ ನುಡಿಸಿದರೆ ಮೇಲಿನ ಸ ಕೂಡ ಕೇಳಿಸುತ್ತದೆ. ಗಿಟಾರಿನ ಐದನೇ ತಂತಿ ಸೆಕೆಂಡಿಗೆ 110 ಸಲ ನಡುಗುತ್ತದೆ. ಪೆಡಲ್ ಅದನ್ನು 220 ಮಾಡುತ್ತದೆ.

ಹೇಗೆ ಅಂತೀರಾ? ಟ್ರಾನ್ಸ್‌ಫಾರ್ಮರಿನ ಒಂದು ಕಡೆ ಮೂರು ತಂತಿ ಇರುತ್ತವೆ. ನಡುವಿನದಕ್ಕೆ ಸೆಂಟರ್ ಟ್ಯಾಪ್ ಎನ್ನುತ್ತಾರೆ. ತಕ್ಕಡಿ ನೆನಪು ಮಾಡಿಕೊಳ್ಳಿ. ನಡುವೆ ಹಿಡಿದಿದ್ದೇವೆ, ಒಂದು ತಟ್ಟೆ ಮೇಲೆ ಹೋದರೆ ಇನ್ನೊಂದು ಕೆಳಗೆ. ಎರಡೂ ತುದಿಗೆ ಒಂದೊಂದು ಡಯೋಡ್. ಡಯೋಡ್ ಸೈಕಲ್ ಟ್ಯೂಬಿನ ವಾಲ್ವ್ ಇದ್ದ ಹಾಗೆ, ಒಂದೇ ಕಡೆಗೆ ಬಿಡುತ್ತದೆ. ಯಾವ ತಟ್ಟೆ ಮೇಲಿದೆಯೋ ಅದನ್ನಷ್ಟೇ ಬಿಡುವುದರಿಂದ, ಒಂದು ಸಲ ನಡುಗಿದರೆ ಎರಡು ಗುಡ್ಡ ಬರುತ್ತವೆ. ಅದಕ್ಕೇ 110 ಇದ್ದದ್ದು 220 ಆಗುವುದು.

ಅಂದಮೇಲೆ ಬದಲಿಗೆ ನಂಬರ್ ಮುಖ್ಯ ಅಲ್ಲ, ಸೆಂಟರ್ ಟ್ಯಾಪ್ ಮುಖ್ಯ. ಹಳೇ ರೇಡಿಯೋದಲ್ಲಿ ಸಾಮಾನ್ಯವಾಗಿ ಎರಡು ಮರಿ ಇರುತ್ತವೆ, ಎರಡಕ್ಕೂ ಐದೈದು ತಂತಿ. ನೋಡಲು ಅವಳಿ ಜವಳಿ. ಒಂದರ ಎರಡು ತಂತಿ ಸ್ಪೀಕರಿಗೆ ಹೋಗಿರುತ್ತವೆ, ಅದು ಔಟ್‌ಪುಟ್. ಇನ್ನೊಂದು ಡ್ರೈವರ್. ಬಿಚ್ಚಿಟ್ಟ ಮೇಲೆ ಗುರುತು ಸಿಗದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಎರಡು ತಂತಿಯ ಕಡೆ ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಿದರೆ ಔಟ್‌ಪುಟ್. ಅದನ್ನು ತಿರುಗಿಸಿ ಹಾಕಬಹುದಲ್ಲ ಎಂದು ನಾನು ಕೇಳಿದೆ. ಅಷ್ಟು ಕಡಿಮೆ ಓಮ್ ಇದ್ದರೆ ಪೆಡಲ್ಲಿನ ಟ್ರಾನ್ಸಿಸ್ಟರಿಗೆ ಭಾರ ಎಳೆಯಲು ಆಗುವುದಿಲ್ಲ, ಧ್ವನಿ ಸತ್ತುಹೋಗುತ್ತದೆ ಎಂದರು ಚಿಕ್ಕಪ್ಪ.

ಡ್ರೈವರ್ ಸರಿ. ರೇಡಿಯೋದಲ್ಲೂ ಅದರ ಕೆಲಸ ಇದೇ, ಒಂದು ಟ್ರಾನ್ಸಿಸ್ಟರಿಗೆ ಮೇಲೆ, ಇನ್ನೊಂದಕ್ಕೆ ಕೆಳಗೆ. ನಡುವಿನಿಂದ ಎರಡೂ ತುದಿಗೆ ಓಮ್ ಅಳೆದು ನೋಡಿ, ಹತ್ತಿರ ಹತ್ತಿರ ಬರಬೇಕು. ಸ್ವಲ್ಪ ವ್ಯತ್ಯಾಸ ಬಂದರೆ ಎಸೆಯಬೇಡಿ. ಮೇಲೆ ಸುತ್ತಿದ ಅರ್ಧಕ್ಕೆ ತಂತಿ ಉದ್ದ ಬೇಕಲ್ಲ! ಆದರೆ ಡ್ರೈವರ್ ಧ್ವನಿಯನ್ನು ಸ್ವಲ್ಪ ಇಳಿಸುತ್ತದೆ. ಅದಕ್ಕೆ ಸಿಲಿಕಾನ್ ಡಯೋಡ್ ಬೇಡ, ಅದು ತೆರೆಯಲು ಸುಮಾರು 0.6 ವೋಲ್ಟ್ ಬೇಕು. ಜರ್ಮೇನಿಯಂ ಡಯೋಡ್ 0.2 ಅಥವಾ 0.3ಕ್ಕೇ ತೆರೆಯುತ್ತದೆ. ಅದೂ ಅದೇ ಹಳೇ ರೇಡಿಯೋದಲ್ಲಿ ಸಿಗುತ್ತದೆ.

ಎಲಿಮಿನೇಟರಿನ 6-0-6 ಟ್ರಾನ್ಸ್‌ಫಾರ್ಮರಿಗೂ ಸೆಂಟರ್ ಟ್ಯಾಪ್ ಇದೆಯಲ್ಲ ಅಂತ ಕೆಲವರು ಕೇಳಬಹುದು. ಲೆಕ್ಕ ಮಾಡಿ. 230ನ್ನು 6ಕ್ಕೆ ಇಳಿಸುವುದೆಂದರೆ 38ರಲ್ಲಿ ಒಂದು ಪಾಲು. 9 ವೋಲ್ಟ್ ಬ್ಯಾಟರಿಯ ಪೆಡಲ್ಲಿನಲ್ಲಿ ಧ್ವನಿ ಮೇಲಕ್ಕೆ ನಾಲ್ಕೂವರೆ ವೋಲ್ಟ್ ಏರಿದರೂ, 38ರಿಂದ ಭಾಗಿಸಿದರೆ 0.12. ಜರ್ಮೇನಿಯಂ ಕೂಡ ಸರಿಯಾಗಿ ತೆರೆಯುವುದಿಲ್ಲ. ಇನ್ನೊಂದು ಮಾತು, ರೇಡಿಯೋದ ಮರಿಯನ್ನು ಯಾರೂ ಪ್ಲಗ್ಗಿಗೆ ಸಿಕ್ಕಿಸಿ ನೋಡಬೇಡಿ. ಸುಟ್ಟುಹೋಗುತ್ತದೆ, ನಿಮಗೂ ಶಾಕ್ ಹೊಡೆಯುತ್ತದೆ.

ಚಿಕ್ಕಪ್ಪನ ಡಬ್ಬಿಯಲ್ಲಿ ಈಗ ಒಳ್ಳೆಯ ಡ್ರೈವರ್ ಎರಡೇ ಉಳಿದಿವೆ. ನಿಮ್ಮ ಮನೆ ಅಟ್ಟದ ಮೇಲೆ ಹಾಳಾದ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ, ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಏಳನೇ ಕ್ಲಾಸಿಗೆ ಬಂದು ನನಗೆ ಹೇಳಿ.