ತಿಮಿಂಗಿಲದ ತುತ್ತು

‘ತಿಮಿ’ ಎಂಬುದು ಸಂಸ್ಕೃತ ಸಾಹಿತ್ಯದಲ್ಲಿ ಬರುವ ಮಹಾಮತ್ಸ್ಯದ ಹೆಸರು. ಆ ತಿಮಿಯನ್ನೇ ನುಂಗಿಬಿಡುವುದು ‘ತಿಮಿಂಗಿಲ’. ಹಿರಿದು ಕಿರಿದನ್ನು ನುಂಗುವುದೆಂಬ ಮಾತ್ಸ್ಯನ್ಯಾಯದ ಭಾವನೆಯೇ ಈ ಪದದ ಒಡಲಲ್ಲಿ ಅಡಗಿದೆ. ಆದರೆ ಪ್ರಕೃತಿಯ ವ್ಯವಸ್ಥೆಯು ಪದದ ವ್ಯುತ್ಪತ್ತಿಗಿಂತಲೂ ವಿಸ್ಮಯಕರವಾದುದು. ಭೂಮಿಯ ಮೇಲೆ ಇದುವರೆಗೆ ಬಾಳಿದ ಪ್ರಾಣಿಗಳಲ್ಲೆಲ್ಲ ಅತ್ಯಂತ ದೊಡ್ಡದೆನಿಸಿದ ನೀಲಿ ತಿಮಿಂಗಿಲವು ದಕ್ಷಿಣ ಧ್ರುವದ ಸುತ್ತಣ ಸಾಗರದಲ್ಲಿ ನುಂಗುವುದು ಯಾವ ಮಹಾಮತ್ಸ್ಯವನ್ನೂ ಅಲ್ಲ. ಮನುಷ್ಯನ ಕಿರುಬೆರಳಿನಷ್ಟು ಉದ್ದದ, ಸಿಗಡಿಯನ್ನು ಹೋಲುವ ಕ್ರಿಲ್ ಎಂಬ ಅಲ್ಪಜೀವಿಯನ್ನು.

ಅಂಟಾರ್ಕ್ಟಿಕದ ಕ್ರಿಲ್ ಪೂರ್ಣವಾಗಿ ಬೆಳೆದಾಗ ಸುಮಾರು ೬ ಸೆಂಟಿಮೀಟರ್ ಉದ್ದ, ೨ ಗ್ರಾಂ ತೂಕವಿರುತ್ತದೆ. ಇದರ ಆಯುಷ್ಯ ಐದಾರು ವರ್ಷ. ಮುಂಗಾಲುಗಳನ್ನೇ ಜರಡಿಯಂತೆ ಹರಡಿ, ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿನ್ನುತ್ತದೆ. ಚಳಿಗಾಲದಲ್ಲಿ ಸಾಗರದ ಮೇಲ್ಮೈ ಹೆಪ್ಪುಗಟ್ಟಿದಾಗ ಇದರ ಮರಿಗಳು ಮಂಜುಗಡ್ಡೆಯ ಅಡಿಯಲ್ಲಿ ಬೆಳೆದ ಪಾಚಿಯನ್ನು ಕೆರೆದು ತಿಂದು ಜೀವ ಹಿಡಿಯುತ್ತವೆ. ಆ ಮಂಜುಗಡ್ಡೆಯೇ ಅವುಗಳಿಗೆ ತೊಟ್ಟಿಲು, ಅದೇ ಅನ್ನದ ತಟ್ಟೆ. ತಿಮಿಂಗಿಲ, ಪೆಂಗ್ವಿನ್, ಸೀಲ್, ಕಡಲಹಕ್ಕಿ, ಮೀನು ಇವೆಲ್ಲವೂ ಪ್ರತ್ಯಕ್ಷವಾಗಿಯೋ ಪರೋಕ್ಷವಾಗಿಯೋ ಈ ಒಂದು ಜೀವಿಯನ್ನು ಆಶ್ರಯಿಸಿವೆ.

ಈ ಅಲ್ಪಜೀವಿಯ ಶಾಸ್ತ್ರೀಯ ಅಧ್ಯಯನವು ವ್ಯವಸ್ಥಿತವಾಗಿ ಆರಂಭವಾದುದು ತಿಮಿಂಗಿಲ ಬೇಟೆಯ ನಿಮಿತ್ತದಿಂದ. ೧೯೦೪ರಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕೆನ್‌ನಲ್ಲಿ ಬೇಟೆಯ ನೆಲೆಯೊಂದು ಸ್ಥಾಪಿತವಾಯಿತು. ತಿಮಿಂಗಿಲದ ಎಣ್ಣೆಯಿಂದ ಬಂದ ತೆರಿಗೆಯ ಹಣದಲ್ಲಿಯೇ ಬ್ರಿಟಿಷರು ೧೯೨೫ರಲ್ಲಿ ‘ಡಿಸ್ಕವರಿ’ ಸಂಶೋಧನೆಗಳನ್ನು ಕೈಗೊಂಡರು. ಕ್ಯಾಪ್ಟನ್ ಸ್ಕಾಟ್ ೧೯೦೧ರಲ್ಲಿ ಧ್ರುವಯಾತ್ರೆಗೆ ಕೊಂಡೊಯ್ದ ಹಡಗೇ ಇದರ ಮೊದಲ ನೌಕೆ. ಸ್ಟ್ಯಾನ್ಲಿ ಕೆಂಪ್ ಮುಖ್ಯಸ್ಥರಾಗಿಯೂ ಅಲಿಸ್ಟರ್ ಹಾರ್ಡಿ ಪ್ರಾಣಿಶಾಸ್ತ್ರಜ್ಞರಾಗಿಯೂ ಅದರಲ್ಲಿ ಪ್ರಯಾಣ ಬೆಳೆಸಿದರು. ಕೆಲವರು ದಡದಲ್ಲಿ ತಿಮಿಂಗಿಲಗಳ ಜಠರವನ್ನು ಸೀಳಿ ಪರೀಕ್ಷಿಸಿದರು; ಮತ್ತೆ ಕೆಲವರು ಕಡಲಿನಲ್ಲಿ ಬಲೆ ಎಳೆದು, ಸಿಕ್ಕ ಕ್ರಿಲ್ಲನ್ನು ಎಣಿಸಿ, ಅಳೆದು, ಬರೆದಿಟ್ಟರು. ೧೯೫೧ರವರೆಗೆ ನಡೆದ ಈ ದುಡಿಮೆಯ ಫಲವಾಗಿ ಕ್ರಿಲ್ಲಿನ ಜೀವನಚರಿತ್ರೆಯನ್ನು ಕುರಿತ ಜೇಮ್ಸ್ ಮಾರ್ ಅವರ ಬೃಹದ್ಗ್ರಂಥವು ೧೯೬೨ರಲ್ಲಿ ಹೊರಬಂದಿತು. ಆದರೆ ತುತ್ತಿನ ವೃತ್ತಾಂತ ತಿಳಿಯುವ ಹೊತ್ತಿಗೆ ಉಣ್ಣುವವನೇ ಇಲ್ಲದಂತಾಗಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಗೋಲಾರ್ಧದಲ್ಲಿ ಮೂರು ಲಕ್ಷಕ್ಕೂ ಮಿಕ್ಕ ನೀಲಿ ತಿಮಿಂಗಿಲಗಳು ಹತವಾದವು.

ತಿಮಿಂಗಿಲದ ಬಳಿಕ ಮೀನಿನ ಸರದಿ ಬಂದಿತು. ಈ ಸಾಗರದ ನೀರು ಉಪ್ಪಿನ ಕಾರಣದಿಂದ ಸೊನ್ನೆಗಿಂತ ಸುಮಾರು ೧.೯ ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟದು. ಅಂತಹ ನೀರಿನಲ್ಲಿಯೂ ಅಲ್ಲಿನ ಮೀನುಗಳ ರಕ್ತವು ಹೆಪ್ಪುಗಟ್ಟದಂತೆ ಕಾಯುವ ವಿಶಿಷ್ಟ ದ್ರವ್ಯವನ್ನು ಅಮೆರಿಕದ ಆರ್ಥರ್ ಡಿವ್ರೀಸ್ ೧೯೬೦ರ ದಶಕದಲ್ಲಿ ಕಂಡುಹಿಡಿದರು. ಅಲ್ಲಿನ ಹಿಮಮೀನುಗಳ ರಕ್ತದಲ್ಲಿ ಕೆಂಪು ಬಣ್ಣದ ಹಿಮೋಗ್ಲೋಬಿನ್ ಇಲ್ಲವೇ ಇಲ್ಲವೆಂದು ನಾರ್ವೆಯ ಯೋಹಾನ್ ರೂಡ್ ೧೯೫೪ರಲ್ಲಿ ಪ್ರಕಟಿಸಿದ್ದರು. ಇಂತಹ ಚಳಿಯಲ್ಲಿ ಬಾಳುವ ಮೀನು ನಿಧಾನವಾಗಿ ಬೆಳೆಯುತ್ತದೆ. ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹಲವು ವರ್ಷಗಳೇ ಬೇಕು. ಈ ಸತ್ಯವನ್ನು ಲೆಕ್ಕಿಸದೆ ೧೯೬೯-೭೦ರ ಒಂದೇ ಋತುವಿನಲ್ಲಿ ಸೋವಿಯತ್ ನೌಕೆಗಳು ದಕ್ಷಿಣ ಜಾರ್ಜಿಯಾದ ಬಳಿ ಶಿಲಾಮೀನಿನ ಒಂದು ಜಾತಿಯನ್ನು ಸುಮಾರು ೪ ಲಕ್ಷ ಟನ್ನಿನಷ್ಟು ಹಿಡಿದವು. ಎರಡೇ ವರ್ಷಗಳಲ್ಲಿ ಬಲೆಗಳು ಬರಿದಾದವು.

ಅನಂತರ ಮಾನವನ ಕಣ್ಣು ಕ್ರಿಲ್ಲಿನ ಮೇಲೆಯೇ ಬಿದ್ದಿತು. ೧೯೮೧-೮೨ರ ಹೊತ್ತಿಗೆ ಅದರ ಹಿಡಿತವು ವರ್ಷಕ್ಕೆ ೫ ಲಕ್ಷ ಟನ್ನನ್ನು ಮೀರಿತು. ಬುಡಕ್ಕೇ ಕೊಡಲಿ ಬಿದ್ದರೆ ಕೊಂಬೆಗಳ ಗತಿಯೇನೆಂಬ ಆತಂಕದಿಂದ ೧೯೮೦ರಲ್ಲಿ ಕ್ಯಾನ್‌ಬೆರಾ ನಗರದಲ್ಲಿ ಅಂಟಾರ್ಕ್ಟಿಕ ಸಾಗರದ ಜೀವಸಂಪತ್ತಿನ ಸಂರಕ್ಷಣೆಗಾಗಿ ಒಪ್ಪಂದವೊಂದು ಸಿದ್ಧವಾಗಿ, ೧೯೮೨ರಲ್ಲಿ ಜಾರಿಗೆ ಬಂದಿತು. ಹಿಡಿಯುವ ಜೀವಿ ಉಳಿದರೆ ಸಾಲದು, ಅದನ್ನು ನಂಬಿ ಬದುಕುವ ಜೀವಿಗಳೂ ಉಳಿಯಬೇಕೆಂಬುದು ಅದರ ಮೂಲತತ್ತ್ವ. ಈ ತತ್ತ್ವದಂತೆ ನಡೆಯಬೇಕಾದರೆ ಕಡಲಿನಲ್ಲಿ ಕ್ರಿಲ್ ಎಷ್ಟಿದೆ ಎಂಬುದು ಮೊದಲು ತಿಳಿಯಬೇಕು.

ಎಣಿಸುವುದಾದರೂ ಹೇಗೆ? ಒಂದೊಂದು ಘನಮೀಟರ್ ನೀರಿನಲ್ಲಿ ಸಾವಿರಾರು ಕ್ರಿಲ್‌ಗಳಿರುವ ಹಿಂಡು ಒಂದೆಡೆ ಇದ್ದರೆ, ಅದರಾಚೆ ಬಹುದೂರ ಬರಿಯ ನೀರು. ಬಲೆಯೊಂದನ್ನೇ ನಂಬಿದರೆ ಲೆಕ್ಕ ತಪ್ಪುವುದು. ಆದುದರಿಂದ ವಿಜ್ಞಾನಿಗಳು ಹಡಗಿನ ತಳದಿಂದ ಶಬ್ದತರಂಗಗಳನ್ನು ನೀರಿನೊಳಕ್ಕೆ ಕಳುಹಿಸಿ, ಹಿಂಡಿಗೆ ತಾಗಿ ಮರಳುವ ಪ್ರತಿಧ್ವನಿಯ ಬಲವನ್ನು ಅಳೆಯುತ್ತಾರೆ. ಒಂದು ಕ್ರಿಲ್ಲಿನಿಂದ ಎಷ್ಟು ಪ್ರತಿಧ್ವನಿ ಬರುವುದೆಂದು ಗೊತ್ತಾದರೆ, ಒಟ್ಟು ಪ್ರತಿಧ್ವನಿಯಿಂದ ರಾಶಿಯನ್ನು ಗಣಿಸಬಹುದು. ಆದರೆ ಆ ಪ್ರತಿಧ್ವನಿಯು ಕ್ರಿಲ್ಲಿನ ಉದ್ದವನ್ನೂ ಈಜುವಾಗ ಅದರ ಮೈ ವಾಲಿರುವ ಕೋನವನ್ನೂ ಅವಲಂಬಿಸಿರುತ್ತದೆ. ಅದಕ್ಕಾಗಿ ಬಲೆಯಲ್ಲಿ ಮಾದರಿ ಹಿಡಿದು ಅಳೆಯುವ ಕೆಲಸವೂ ಜೊತೆಜೊತೆಗೆ ಸಾಗುತ್ತದೆ. ೨೦೦೦ದಲ್ಲಿ ನಾಲ್ಕು ದೇಶಗಳ ನೌಕೆಗಳು ಅಟ್ಲಾಂಟಿಕ್ ಭಾಗದ ದಕ್ಷಿಣ ಸಾಗರವನ್ನು ಹೀಗೆ ಅಳೆದಾಗ ಮೊದಲು ದೊರೆತ ಉತ್ತರ ಸುಮಾರು ೪.೪ ಕೋಟಿ ಟನ್. ಅದೇ ಪ್ರತಿಧ್ವನಿಗಳನ್ನು ೨೦೧೦ರಲ್ಲಿ ತಿದ್ದಿದ ಕ್ರಮದಿಂದ ಗಣಿಸಿದಾಗ ಅದು ೬ ಕೋಟಿ ಟನ್ ಆಯಿತು. ೨೦೧೯ರ ಸಮೀಕ್ಷೆಯು ಸುಮಾರು ೬.೨೬ ಕೋಟಿ ಟನ್ ಎಂದಿತು. ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳಲು ಅಂಜದಿರುವುದು ಶಾಸ್ತ್ರಕ್ಕೆ ಭೂಷಣವೇ ಹೊರತು ಕುಂದಲ್ಲ.

ಈ ಭಾಗದಲ್ಲಿ ವರ್ಷಕ್ಕೆ ೬.೨ ಲಕ್ಷ ಟನ್ ಹಿಡಿಯಬಹುದೆಂಬ ಮಿತಿಯಿದೆ. ಇದು ರಾಶಿಯ ನೂರರಲ್ಲಿ ಒಂದು ಪಾಲು ಮಾತ್ರ. ಹಾಗಿದ್ದರೂ ಚಿಂತೆ ಏಕೆ? ಮರಿಗಳಿಗೆ ಗುಟುಕು ತರುವ ಪೆಂಗ್ವಿನ್ ಗೂಡಿನಿಂದ ಬಹುದೂರ ಹೋಗಲಾರದು. ಅದರ ಹಸಿವು ನೀಗುವುದು ಮಹಾಸಾಗರದ ಒಟ್ಟು ರಾಶಿಯಿಂದಲ್ಲ, ತನ್ನ ದಡದ ಬಳಿಯ ಹಿಂಡಿನಿಂದ. ಮೀನುಗಾರಿಕೆಯ ನೌಕೆಗಳು ಸೇರುವುದೂ ಅಂತಹ ದಡಗಳ ಬಳಿಯಲ್ಲಿಯೇ. ಹಿಡಿತವು ಒಂದೇ ಕಡೆ ಒಟ್ಟುಗೂಡದಂತೆ ೨೦೦೯ರಲ್ಲಿ ಮಿತಿಯನ್ನು ಪ್ರದೇಶವಾರು ಹಂಚಲಾಗಿತ್ತು. ೨೦೨೪ರಲ್ಲಿ ಸದಸ್ಯ ರಾಷ್ಟ್ರಗಳಲ್ಲಿ ಒಮ್ಮತ ಮೂಡದೆ ಆ ಹಂಚಿಕೆಯ ನಿಯಮವು ಮುಂದುವರಿಯಲಿಲ್ಲ. ೨೦೨೫ರಲ್ಲಿ ಋತು ಮುಗಿಯುವ ಮೊದಲೇ ಪೂರ್ತಿ ಮಿತಿ ಮುಟ್ಟಿ, ಆಗಸ್ಟ್ ತಿಂಗಳಿನಲ್ಲಿ ಹಿಡಿತವನ್ನು ನಿಲ್ಲಿಸಬೇಕಾಯಿತು. ಹೀಗೆ ಹಿಡಿದ ಕ್ರಿಲ್ಲಿನ ಬಹುಪಾಲು ಸಾಕುಮೀನುಗಳ ಆಹಾರಕ್ಕೂ ಔಷಧಿಯ ಅಂಗಡಿಯ ಎಣ್ಣೆಗುಳಿಗೆಗೂ ವಿನಿಯೋಗವಾಗುತ್ತದೆ.

ಕಡಲು ಬೆಚ್ಚಗಾಗುತ್ತಿರುವುದು ಮತ್ತೊಂದು ಚಿಂತೆ. ಬ್ರಿಟನ್ನಿನ ಆಂಗಸ್ ಅಟ್‌ಕಿನ್‌ಸನ್ ಮತ್ತು ಸಂಗಡಿಗರು ೧೯೨೬ರಿಂದೀಚಿನ ಬಲೆಗಳ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ, ೧೯೭೦ರ ದಶಕದಿಂದ ಅಟ್ಲಾಂಟಿಕ್ ಭಾಗದಲ್ಲಿ ಕ್ರಿಲ್ ಇಳಿಮುಖವಾಗಿದೆಯೆಂದು ೨೦೦೪ರಲ್ಲಿ ಪ್ರತಿಪಾದಿಸಿದರು. ಬಲೆಗಳು ಬೇರೆ ಬೇರೆ ಬಗೆಯವಾದುದರಿಂದ ಆ ನಿರ್ಣಯ ಸಲ್ಲದೆಂದು ಬೇರೆ ವಿದ್ವಾಂಸರು ೨೦೧೮ರಲ್ಲಿ ಆಕ್ಷೇಪಿಸಿದರು. ಕ್ರಿಲ್ಲಿನ ನೆಲೆಯು ದಕ್ಷಿಣಕ್ಕೆ ಸರಿಯುತ್ತಿದೆಯೆಂದು ೨೦೧೯ರಲ್ಲಿ ಮೊದಲಿನವರು ಮತ್ತೆ ವಾದ ಮಂಡಿಸಿದರು. ಪೂರ್ವಪಕ್ಷ ಸಿದ್ಧಾಂತಗಳ ಈ ವಾದದಲ್ಲಿ ಎರಡು ಪಕ್ಷಗಳಿಗೂ ಆಧಾರವಾದುದು ಡಿಸ್ಕವರಿಯ ಕಾಲದಿಂದ ಕೂಡಿಬಂದ ಹಳೆಯ ದಾಖಲೆಗಳೇ. ಕೊರೆಯುವ ಚಳಿಯಲ್ಲಿ ಎಣಿಸಿ ಬರೆದಿಟ್ಟವರಿಗೆ, ಎಂಬತ್ತು ವರ್ಷಗಳ ಬಳಿಕ ಆ ಬರಹದಿಂದ ಯಾವ ಪ್ರಶ್ನೆಗೆ ಉತ್ತರ ಹುಡುಕುವರೆಂಬ ಕಲ್ಪನೆಯೂ ಇದ್ದಿರಲಾರದು.

ಈ ಜ್ಞಾನಕಾರ್ಯದಲ್ಲಿ ಭಾರತಕ್ಕೂ ಪಾಲುಂಟು. ೧೯೮೧ರ ಡಿಸೆಂಬರಿನಲ್ಲಿ ಗೋವೆಯಿಂದ ಹೊರಟ ಮೊದಲ ಭಾರತೀಯ ಅಂಟಾರ್ಕ್ಟಿಕ ಯಾತ್ರೆಯ ನಾಯಕರಾದ ಎಸ್. ಝಡ್. ಕಾಸಿಂ ಅವರು ಸಾಗರಜೀವಶಾಸ್ತ್ರಜ್ಞರೇ ಆಗಿದ್ದರು. ೧೯೮೬ರಲ್ಲಿ ಭಾರತವು ಸಂರಕ್ಷಣಾ ಒಪ್ಪಂದದ ಆಯೋಗದ ಸದಸ್ಯತ್ವವನ್ನು ಪಡೆಯಿತು. ೧೯೯೫-೯೬ರಲ್ಲಿ ‘ಸಾಗರ ಸಂಪದ’ ನೌಕೆಯು ಕ್ರಿಲ್ಲಿನ ಅಧ್ಯಯನಕ್ಕಾಗಿಯೇ ದಕ್ಷಿಣ ಸಾಗರಕ್ಕೆ ತೆರಳಿತು.

ಬೇಟೆ ನಿಂತ ಬಳಿಕ ತಿಮಿಂಗಿಲಗಳು ಮೆಲ್ಲಮೆಲ್ಲನೆ ಆ ಸಾಗರಕ್ಕೆ ಮರಳುತ್ತಿವೆ. ಅವುಗಳ ಪಂಕ್ತಿಯಲ್ಲಿ ಈಗ ಮನುಷ್ಯನೂ ಎಲೆ ಹಾಕಿಕೊಂಡು ಕುಳಿತಿದ್ದಾನೆ. ಆ ಪಂಕ್ತಿಯಲ್ಲಿ ಎಣಿಸಬಲ್ಲವನು ಅವನೊಬ್ಬನೇ. ಆದುದರಿಂದ ಬಡಿಸಿಕೊಳ್ಳುವ ಮುನ್ನ ಉಳಿದವರ ಎಲೆಯತ್ತ ನೋಡುವ ಹೊಣೆಯೂ ಅವನದೇ.