ಹನ್ನೊಂದರಿಂದ ಶುರುವಾದ ಎಣಿಕೆ

ಅಮರ ಚಿತ್ರಕಥೆಯ ಹಳೆಯ ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ಪುಸ್ತಕ ‘ಕೃಷ್ಣ’. ಆದರೆ ಅದರ ಸಂಖ್ಯೆ 11! “ಮೊದಲ ಹತ್ತು ಎಲ್ಲಿ ಹೋದವು ತಾತ?” ಎಂದು ನನ್ನ ಮೊಮ್ಮಗಳು ಕೇಳಿದಳು. ಮಕ್ಕಳೇ, ಆ ಹತ್ತೂ ಕನ್ನಡದಲ್ಲಿ ಬಂದಿದ್ದವು.

ಅಮೆರಿಕದ ಚಿತ್ರಕಥೆಗಳು ದೇಶದಿಂದ ದೇಶಕ್ಕೆ ಹೋಗುತ್ತಿದ್ದವು. ಚಿತ್ರ ಅದೇ, ಗುಳ್ಳೆಯೊಳಗಿನ ಮಾತು ಮಾತ್ರ ಆಯಾ ನಾಡಿನದು. ಇಂಡಿಯಾ ಬುಕ್ ಹೌಸ್‌ ಪರವಾಗಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಿದ್ದ ಜಿ.ಕೆ. ಅನಂತರಾಮ್ ಅವರು, ಇಂಥವು ಕನ್ನಡದಲ್ಲೂ ಬರಲಿ ಎಂದರು. ಮುಂಬೈಯ ಪ್ರಕಾಶಕರು ಒಪ್ಪಿದರು. 1965ರಲ್ಲಿ ಸಿಂಡ್ರೆಲಾ, ಪಿನೋಕಿಯೊ, ಅಲ್ಲಾದೀನ ಎಲ್ಲರೂ ಕನ್ನಡ ಮಾತಾಡತೊಡಗಿದರು.

ಆಮೇಲೆ ನಮ್ಮದೇ ಕಥೆಗಳ ಸರದಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಸಂಪಾದಕರಾಗಿ, ರಾಮ್ ವಾಯಿರ್ಕರ್ ಅವರ ಚಿತ್ರಗಳೊಡನೆ ‘ಕೃಷ್ಣ’ವನ್ನು ತಂದರು. ಅದರ ಹಿಂದೆ ಪುರಾಣ, ಇತಿಹಾಸದ ನೂರಾರು ಪುಸ್ತಕಗಳು ಬಂದು ಹಲವು ಭಾಷೆಗಳಿಗೆ ಹೋದವು. ಹೊರಗಿನ ಕಥೆಗೆ ಕನ್ನಡ ಬಾಗಿಲು ತೆರೆಯಿತು. ಅದೇ ಬಾಗಿಲಿನಿಂದ ನಮ್ಮ ಕಥೆಯೂ ಹೊರಟಿತು.

ಮಕ್ಕಳ ಪುಸ್ತಕ ಕೈಯಿಂದ ಕೈಗೆ ಹೋಗಿ ಹರಿಯುತ್ತದೆ. ಕೊನೆಗೆ ತಕ್ಕಡಿಗೆ ಬೀಳುತ್ತದೆ. ಸಿಂಗಸಂದ್ರದಲ್ಲಿ ಮನೆ ಬದಲಿಸುವವರು ಹಳೆಯ ಪುಸ್ತಕಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ಹಾಕುವುದನ್ನು ನೋಡುತ್ತಲೇ ಇದ್ದೇನೆ. ಅಜ್ಜ ಅಜ್ಜಿಯರೇ, ಅಟ್ಟದ ಟ್ರಂಕು ಇಳಿಸಿದಾಗ ಒಂದೊಂದೇ ಪುಸ್ತಕ ತೆಗೆದು ನೋಡಿ. ಕನ್ನಡ ಮಾತಾಡುವ ಸಿಂಡ್ರೆಲಾ ಸಿಕ್ಕರೆ ರದ್ದಿಗೆ ಕೊಡಬೇಡಿ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.